ಡಿಸ್ನಿ ಸರಣಿಗಳಿಗೆ ಜನ ಬರ್ತಿಲ್ವಾ? ದೋಷ ಎಲ್ಲಿದೆ ಅಂತ ಪತ್ತೆ ಮಾಡುವ ಕೈಪಿಡಿ

ಲಕ್ಷಣ

ಶುಕ್ರವಾರ ಸಂಜೆಯ ಶೋ ತುಂಬುತ್ತದೆ. ಭಾನುವಾರವೂ ಪರವಾಗಿಲ್ಲ. ಸೋಮವಾರ ಮಧ್ಯಾಹ್ನ ನೋಡಿದರೆ ದೊಡ್ಡ ಹಾಲಿನಲ್ಲಿ ಹಿಂದಿನ ಎರಡು ಸಾಲು ಮಾತ್ರ ಜನ. ಎರಡನೇ ಶುಕ್ರವಾರಕ್ಕೆ ದಿನಕ್ಕೆ ಆರು ಇದ್ದ ಶೋ ಎರಡಕ್ಕೆ ಇಳಿದಿರುತ್ತದೆ. ಪೋಸ್ಟರಿನ ಮೇಲೆ ಸೂಪರ್‌ಹೀರೋಗಳ ಮಾರ್ವೆಲ್, ಅನಿಮೇಷನ್ನಿನ ಪಿಕ್ಸಾರ್ (ಎರಡೂ ಡಿಸ್ನಿ ಕಂಪನಿಯವೇ) ಅಥವಾ ಡಿಸ್ನಿ ಅಂತ ದೊಡ್ಡ ಹೆಸರೇ ಇರುತ್ತದೆ. 2019ರಲ್ಲಿ ಇದೇ ಹೆಸರಿಗೆ ಬೆಳಗ್ಗಿನ ಶೋ ಕೂಡ ಹೌಸ್‌ಫುಲ್ ಆಗುತ್ತಿತ್ತು.

ಇಷ್ಟು ಕಂಡ ಕೂಡಲೇ ಎಲ್ಲರೂ ಕೊಡುವ ತೀರ್ಪು, "ಡಿಸ್ನಿ ಮುಗೀತು ಮಾರಾಯ್ರೆ." ಎರಡು ತಿಂಗಳು ಬಿಟ್ಟು ಇನ್ನೊಂದು ಚಿತ್ರ 100 ಕೋಟಿ ಡಾಲರ್ ದಾಟಿದರೆ ಅದೇ ಬಾಯಿ "ಡಿಸ್ನಿ ವಾಪಸ್ ಬಂತು" ಅನ್ನುತ್ತದೆ. ಎರಡೂ ಬರೀ ಬಾಯಿಮಾತು.

ನಾನು ಮಂಗಳೂರಿನ ಒಂದು ಮಲ್ಟಿಪ್ಲೆಕ್ಸಿನಲ್ಲಿ ವಾರದ ಶೋ ಹಂಚುವ ಕೆಲಸದವನು. ಯಾವ ಚಿತ್ರಕ್ಕೆ ಎಷ್ಟು ಶೋ, ಯಾವ ಹೊತ್ತಿಗೆ, ದೊಡ್ಡ ಹಾಲೋ ಸಣ್ಣದೋ ಅಂತ ಶುಕ್ರವಾರಕ್ಕೆ ಮೊದಲೇ ತೀರ್ಮಾನ ಆಗಬೇಕು. "ಮುಗೀತು" ಅಂತ ನಂಬಿ ಶೋ ಕಡಿಮೆ ಮಾಡಿದರೆ ಒಳ್ಳೆ ಚಿತ್ರದ ದುಡ್ಡು ಕೈತಪ್ಪುತ್ತದೆ. "ವಾಪಸ್ ಬಂತು" ಅಂತ ನಂಬಿ ಜಾಸ್ತಿ ಕೊಟ್ಟರೆ ಖಾಲಿ ಸೀಟಿಗೆ ಎಸಿ ಹಾಕಿ ಕೂರಬೇಕು. ಹಾಗಾಗಿ ದೋಷ ನಿಜವಾಗಿ ಎಲ್ಲಿದೆ ಅಂತ ಹುಡುಕುವ ಕ್ರಮ ಬೇಕಾಗುತ್ತದೆ.

ತೋಟದ ಪಂಪು ನೀರೆತ್ತದಿದ್ದರೆ ಬಾವಿಯೇ ಬತ್ತಿತು ಅಂತ ತಲೆಗೆ ಕೈ ಹೊತ್ತು ಕೂರುವವರುಂಟು. ಫುಟ್‌ವಾಲ್ವ್ ಲೀಕ್ ಇರಬಹುದು, ವೋಲ್ಟೇಜ್ ಕಡಿಮೆ ಇರಬಹುದು. ಇಲ್ಲೂ ಹಾಗೆ ಒಂದೊಂದೇ ಕಾರಣ ಕಳೆಯುತ್ತಾ ಹೋಗಬೇಕು.

ಮೊದಲು ಅಳತೆಗೋಲು ಸರಿ ಮಾಡಿಕೊಳ್ಳಿ

ನೂರಕ್ಕೆ ತೊಂಬತ್ತು ಜನ ಎಡವುವುದು ಇಲ್ಲೇ. ಎಲ್ಲವನ್ನೂ 2019ಕ್ಕೆ ಹೋಲಿಸುತ್ತಾರೆ. ಆ ಒಂದೇ ವರ್ಷ ಡಿಸ್ನಿಯ ಏಳು ಚಿತ್ರಗಳು ತಲಾ 100 ಕೋಟಿ ಡಾಲರ್ ದಾಟಿದವು: ಎಂಡ್‌ಗೇಮ್, ಕ್ಯಾಪ್ಟನ್ ಮಾರ್ವೆಲ್, ಟಾಯ್ ಸ್ಟೋರಿ 4, ಅಲಾದ್ದೀನ್, ಲಯನ್ ಕಿಂಗ್, ಫ್ರೋಜನ್ 2 ಮತ್ತು ಸ್ಟಾರ್ ವಾರ್ಸ್‌ನ ಕೊನೆಯ ಭಾಗ. ಎಂಡ್‌ಗೇಮ್ ಒಂದೇ ಸುಮಾರು 279 ಕೋಟಿ ಡಾಲರ್ ಮಾಡಿತು. 2008ರಲ್ಲಿ ಶುರುವಾದ ಮಾರ್ವೆಲ್ ಕಥೆಗೆ ಅದು ಮುಕ್ತಾಯ, ಸರಣಿಯ 22ನೇ ಚಿತ್ರ. ಹತ್ತು ವರ್ಷಕ್ಕೂ ಹೆಚ್ಚು ಕಾದವರೆಲ್ಲ ಒಟ್ಟಿಗೆ ಬಂದರು. ಆ ವರ್ಷವನ್ನು ಮಾಮೂಲು ಅಂತ ಹಿಡಿದರೆ ಮುಂದಿನ ಎಲ್ಲ ವರ್ಷವೂ ಸೋತ ಹಾಗೇ ಕಾಣುತ್ತದೆ.

ಸರಿಯಾದ ಹೋಲಿಕೆ ಅಂದರೆ ಅದೇ ಸರಣಿಯ ನಡುಗಾತ್ರದ ಚಿತ್ರಗಳು. 2015ರ ಆಂಟ್‌ಮ್ಯಾನ್ ಸುಮಾರು 52 ಕೋಟಿ ಡಾಲರ್ ಗಳಿಸಿತು. 2016ರ ಡಾಕ್ಟರ್ ಸ್ಟ್ರೇಂಜ್ 67 ಕೋಟಿಗೂ ಮೇಲೆ. 2018ರ ಎರಡನೇ ಆಂಟ್‌ಮ್ಯಾನ್ 62 ಕೋಟಿ. ಇವರ್ಯಾರೂ ಮನೆಮಾತಾದ ಹೀರೋಗಳಲ್ಲ. ಆದರೂ "ಮಾರ್ವೆಲ್ ಅಲ್ವಾ, ಹೋಗುವ" ಅಂತ ಜನ ಬಂದರು.

ಈಗ ಇತ್ತೀಚಿನದ್ದನ್ನು ಪಕ್ಕಕ್ಕಿಡಿ. 2023ರ ಮೂರನೇ ಆಂಟ್‌ಮ್ಯಾನ್, ಅಂದರೆ ಕ್ವಾಂಟುಮೇನಿಯಾ, ಸುಮಾರು 47 ಕೋಟಿ. 2025ರ ಕ್ಯಾಪ್ಟನ್ ಅಮೆರಿಕ: ಬ್ರೇವ್ ನ್ಯೂ ವರ್ಲ್ಡ್ 41 ಕೋಟಿ. ಥಂಡರ್‌ಬೋಲ್ಟ್ಸ್ 38 ಕೋಟಿ. ನಡುವೆ ಟಿಕೆಟ್ ದರ ಏರಿದೆ, ಹಾಗಾಗಿ ತಲೆ ಲೆಕ್ಕದಲ್ಲಿ ಇಳಿತ ಇನ್ನೂ ದೊಡ್ಡದು. ದೋಷ ಇರುವುದು ನಿಜ. ಆದರೆ ಅದು 279ರಿಂದ 38ಕ್ಕೆ ಬಿದ್ದದ್ದಲ್ಲ, 60ರಿಂದ 40ಕ್ಕೆ ಬಿದ್ದದ್ದು. ಎರಡಕ್ಕೂ ಮದ್ದು ಬೇರೆ ಬೇರೆ.

ಇನ್ನೊಂದು. ನಷ್ಟ ಮತ್ತು ನಿರಾಸಕ್ತಿಯನ್ನು ಕಲಸಬೇಡಿ. ಮೊದಲ ಆಂಟ್‌ಮ್ಯಾನ್ ಸುಮಾರು 13 ಕೋಟಿ ಡಾಲರಿನಲ್ಲಿ ತಯಾರಾಗಿತ್ತು. ಈಗಿನವು 20 ಕೋಟಿಯ ಆಸುಪಾಸಿನವು. ಖರ್ಚು ಜಾಸ್ತಿಯಾಗಿ ನಷ್ಟವಾದರೆ ಅದು ಲೆಕ್ಕದವರ ತಲೆನೋವು. ಪ್ರೇಕ್ಷಕನ ಆಸಕ್ತಿಗೂ ಅದಕ್ಕೂ ಸಂಬಂಧವಿಲ್ಲ.

ಓಪನಿಂಗ್ ಬೇರೆ, ಪಟ್ಟು ಬೇರೆ

ಒಂದು ಚಿತ್ರದ ಒಟ್ಟು ಕಲೆಕ್ಷನ್ನಿನಿಂದ ಏನೂ ಪತ್ತೆಯಾಗುವುದಿಲ್ಲ. ಅದನ್ನು ಎರಡು ಭಾಗ ಮಾಡಬೇಕು. ಮೊದಲ ವಾರಾಂತ್ಯದ ಗಳಿಕೆ ಅಂದರೆ ಹೆಸರಿನ ಮೇಲಿನ ನಂಬಿಕೆ. ಆಗ ಯಾರೂ ಚಿತ್ರ ನೋಡಿರುವುದಿಲ್ಲ. ಒಟ್ಟು ಗಳಿಕೆ ಆ ಮೊದಲ ವಾರಾಂತ್ಯದ ಎಷ್ಟು ಪಟ್ಟು ಆಯಿತು ಅನ್ನುವುದು ನೋಡಿದವರ ಮಾತಿನ ಬಲ. ಅಮೆರಿಕದ ಲೆಕ್ಕ ಸಿಗುವುದು ಸುಲಭ, ಅದನ್ನೇ ಹಿಡಿಯುತ್ತೇನೆ.

ಓಪನಿಂಗ್ ಜೋರು, ಪಟ್ಟು ಕಡಿಮೆ: ಕ್ವಾಂಟುಮೇನಿಯಾ. 10.6 ಕೋಟಿ ಡಾಲರಿನಿಂದ ಶುರು, ಎರಡನೇ ವಾರಾಂತ್ಯಕ್ಕೆ ಸುಮಾರು ಶೇ 70 ಕುಸಿತ, ಕೊನೆಗೆ ಬರೀ ಎರಡು ಪಟ್ಟು. ಅಭಿಮಾನಿಗಳು ಬಂದರು, ನೋಡಿದರು, ಬೇರೆಯವರನ್ನು ಕಳಿಸಲಿಲ್ಲ.

ಓಪನಿಂಗ್ ಸಪ್ಪೆ, ಪಟ್ಟು ಜಾಸ್ತಿ: ಅದೇ ವರ್ಷ ಪಿಕ್ಸಾರಿನ ಎಲಿಮೆಂಟಲ್. ಮೂರು ಕೋಟಿ ಡಾಲರಿಗೂ ಕಡಿಮೆ ಓಪನಿಂಗ್. ಪತ್ರಿಕೆಗಳು ಆಗಲೇ ಶ್ರದ್ಧಾಂಜಲಿ ಬರೆದು ಮುಗಿಸಿದ್ದವು. ಚಿತ್ರ ಮಾತ್ರ ನಿಧಾನಕ್ಕೆ ಐದು ಪಟ್ಟಿಗೂ ಮೇಲೆ ಹೋಗಿ ಪ್ರಪಂಚದಾದ್ಯಂತ 49 ಕೋಟಿ ಮುಟ್ಟಿತು. ಇಲ್ಲಿ ಸರಕು ಚೆನ್ನಾಗಿತ್ತು, ಹೆಸರಿನ ಮೇಲೆ ನಂಬಿಕೆ ಇರಲಿಲ್ಲ.

ಎರಡೂ ಸಪ್ಪೆ: ದ ಮಾರ್ವೆಲ್ಸ್, 2023ರ ನವೆಂಬರ್. 4.6 ಕೋಟಿ ಓಪನಿಂಗ್, ಎರಡನೇ ವಾರಾಂತ್ಯಕ್ಕೆ ಶೇ 78 ಇಳಿತ, ಪ್ರಪಂಚದಾದ್ಯಂತ 20 ಕೋಟಿ ಚಿಲ್ಲರೆ. ಇದರ ಹಿಂದಿನ ಭಾಗ 113 ಕೋಟಿ ಮಾಡಿತ್ತು ಅಂತ ನೆನಪಿಡಿ.

ಎರಡೂ ಜೋರು: 2024ರ ಇನ್‌ಸೈಡ್ ಔಟ್ 2. 15 ಕೋಟಿಗೂ ಮೇಲೆ ಓಪನಿಂಗ್, ನಾಲ್ಕು ಪಟ್ಟು, ಒಟ್ಟು ಸುಮಾರು 170 ಕೋಟಿ ಡಾಲರ್. ಮರುತಿಂಗಳೇ ಡೆಡ್‌ಪೂಲ್ ಆಂಡ್ ವೊಲ್ವರಿನ್ 133 ಕೋಟಿ.

ಈಗ ನನ್ನ ನಿದ್ದೆ ಕೆಡಿಸಿದ ಜೋಡಿಗೆ ಬರುತ್ತೇನೆ. ಅಮೆರಿಕದಲ್ಲಿ ಸಿನೆಮಾಸ್ಕೋರ್ ಅನ್ನುವ ಸಂಸ್ಥೆ ಮೊದಲ ದಿನ ಹಾಲಿನಿಂದ ಹೊರಬರುವವರ ಹತ್ತಿರ ಗ್ರೇಡ್ ಬರೆಸಿಕೊಳ್ಳುತ್ತದೆ. ಬ್ರೇವ್ ನ್ಯೂ ವರ್ಲ್ಡ್‌ಗೆ ಸಿಕ್ಕಿದ್ದು ಬಿ ಮೈನಸ್. ಮಾರ್ವೆಲ್ ಚಿತ್ರಗಳಲ್ಲಿ ಅಷ್ಟು ಕಡಿಮೆ ಯಾರಿಗೂ ಬಂದಿರಲಿಲ್ಲ. ಥಂಡರ್‌ಬೋಲ್ಟ್ಸ್‌ಗೆ ಎ ಮೈನಸ್. ವಿಮರ್ಶಕರೂ ಹೊಗಳಿದರು. ಆದರೆ ಜನ ಮೆಚ್ಚಿದ ಚಿತ್ರವೇ ಕಡಿಮೆ ದುಡ್ಡು ಮಾಡಿತು! ಚಿತ್ರ ಕೆಟ್ಟದಾಗಿದ್ದಕ್ಕೆ ಜನ ಬರಲಿಲ್ಲ ಅನ್ನುವ ಸುಲಭದ ಉತ್ತರ ಇಲ್ಲಿ ಮುರಿದುಬೀಳುತ್ತದೆ. ಕೆಟ್ಟ ಚಿತ್ರದ ಬಿಲ್ಲನ್ನು ಅದರ ನಂತರ ಬಂದ ಒಳ್ಳೆ ಚಿತ್ರ ಕಟ್ಟಿತು. ದೋಷ ಒಂದು ಕಡೆ, ಲಕ್ಷಣ ಇನ್ನೊಂದು ಕಡೆ. ಈ ಮಾತು ಮುಂದೆ ಬೇಕಾಗುತ್ತದೆ.

ಊರಿನ ಕಾರಣಗಳನ್ನು ಕಳೆಯಿರಿ

ನಿಮ್ಮ ಹಾಲು ಖಾಲಿ ಇರುವುದಕ್ಕೂ ಡಿಸ್ನಿಗೂ ಸಂಬಂಧವೇ ಇಲ್ಲದಿರಬಹುದು.

ಫೆಬ್ರವರಿ ಚಿತ್ರಗಳನ್ನು ಮಂಗಳೂರಿನಲ್ಲಿ ಅಳೆಯಲೇಬೇಡಿ. ಕ್ವಾಂಟುಮೇನಿಯಾ, ಬ್ರೇವ್ ನ್ಯೂ ವರ್ಲ್ಡ್ ಎರಡೂ ಫೆಬ್ರವರಿ ಮಧ್ಯದಲ್ಲಿ ಬಂದವು. ನಮ್ಮಲ್ಲಿ ಆಗ ಪಿಯು ಪ್ರಾಕ್ಟಿಕಲ್ಸ್, ಹಿಂದೆಯೇ ಪರೀಕ್ಷೆ. ಕಾಲೇಜುಗಳ ಊರು ಇದು. ಆ ತಿಂಗಳು ಇಂಗ್ಲಿಷ್ ಚಿತ್ರಕ್ಕೆ ಬರುವ ವಯಸ್ಸಿನವರು ಹಾಸ್ಟೆಲಿನಲ್ಲಿ ಪುಸ್ತಕ ಹಿಡಿದಿರುತ್ತಾರೆ, ಅಥವಾ ಹಿಡಿದ ಹಾಗೆ ಮಾಡುತ್ತಿರುತ್ತಾರೆ. ಮಣಿಪಾಲದ ಲೆಕ್ಕವೇ ಬೇರೆ. ಅಲ್ಲಿ ದೇಶದ ಎಲ್ಲ ಮೂಲೆಯ ವಿದ್ಯಾರ್ಥಿಗಳಿದ್ದಾರೆ, ರಾತ್ರಿ ಶೋಗೂ ಇಂಗ್ಲಿಷ್ ಚಿತ್ರ ಓಡುತ್ತದೆ, ಸೆಮಿಸ್ಟರ್ ರಜೆ ಶುರುವಾದ ದಿನ ಹಾಲು ಬೋಳು. ಮಣಿಪಾಲದ ಅಂಕಿ ನೋಡಿ ಮಂಗಳೂರಿಗೆ, ಮಂಗಳೂರಿನದ್ದು ನೋಡಿ ಉಡುಪಿ ಪೇಟೆಗೆ ತೀರ್ಮಾನ ಮಾಡಬಾರದು.

ಮೇ ತಿಂಗಳಲ್ಲಿ ಮದುವೆ, ದೈವದ ನೇಮ, ಪತ್ತನಾಜೆಗೆ (ತುಳುನಾಡಿನಲ್ಲಿ ಆಟ, ನೇಮಗಳು ನಿಲ್ಲುವ ದಿನ) ಮೊದಲಿನ ಯಕ್ಷಗಾನದ ಕೊನೆಯ ಆಟಗಳು. ಜುಲೈಯಲ್ಲಿ ಮಳೆ. ರೆಡ್ ಅಲರ್ಟ್ ಬಂದು ಶಾಲೆಗೆ ರಜೆ ಕೊಟ್ಟ ದಿನ ಮಕ್ಕಳ ಚಿತ್ರಕ್ಕೆ ಜನ ಬರುತ್ತಾರೆ ಅಂತ ಹೊಸಬರು ಲೆಕ್ಕ ಹಾಕುತ್ತಾರೆ. ಬರುವುದಿಲ್ಲ. ಆ ಮಳೆಯಲ್ಲಿ ಮಕ್ಕಳನ್ನು ಕಟ್ಟಿಕೊಂಡು ಯಾರು ಹೊರಡುತ್ತಾರೆ?

ಇನ್ನು ಪೈಪೋಟಿ. 2025ರ ಜುಲೈ 25ರ ಶುಕ್ರವಾರವನ್ನು ಈ ಕೆಲಸದವರು ಮರೆಯುವುದಿಲ್ಲ. ಮಾರ್ವೆಲ್‌ನ ಫೆಂಟಾಸ್ಟಿಕ್ ಫೋರ್ ಬಂದ ದಿನವೇ ಜೆ.ಪಿ. ತುಮಿನಾಡು ನಿರ್ದೇಶನದ ಸು ಫ್ರಮ್ ಸೋ ಬಂತು. ಸೋಮೇಶ್ವರದ ಸುಲೋಚನೆಯ ಹೆಸರು ಹೊತ್ತ, ನಮ್ಮ ಕರಾವಳಿಯ ಊರಿನ, ನಮ್ಮ ಮಾತಿನ ಚಿತ್ರ. ಅದೇ ದಿನ ಹೊಂಬಾಳೆಯವರು ತಂದ ಅನಿಮೇಷನ್, ಮಹಾವತಾರ ನರಸಿಂಹ. ಪೇಪರಿನಲ್ಲಿ ನೋಡಿದರೆ ಮೂರರಲ್ಲಿ ದೊಡ್ಡದು ಫೆಂಟಾಸ್ಟಿಕ್ ಫೋರ್. ಮುಂದಿನ ವಾರ ಸು ಫ್ರಮ್ ಸೋಗೆ ಎಷ್ಟು ಶೋ ಕೊಟ್ಟರೂ ಸಾಲದು. ಉಳ್ಳಾಲ, ತೊಕ್ಕೊಟ್ಟು, ಸುರತ್ಕಲ್ಲಿನಿಂದ ಇಡೀ ಮನೆಮಂದಿ ಬಂದರು, ಅಜ್ಜಿಯಂದಿರ ಸಮೇತ. ಅದು 100 ಕೋಟಿ ರೂಪಾಯಿ ದಾಟಿತು. ನರಸಿಂಹ 200 ಕೋಟಿಯೂ ದಾಟಿ ಹೋಯಿತು. ಮಕ್ಕಳನ್ನು ಕರೆದುಕೊಂಡು ಅನಿಮೇಷನ್ ನೋಡುವ ಕುಟುಂಬ ಇಲ್ಲ ಅನ್ನುವ ಹಾಗಿಲ್ಲ. ಒಂದು ತಿಂಗಳ ಹಿಂದೆ ಪಿಕ್ಸಾರಿನ ಎಲಿಯೋ ಬಂದಾಗ ಆ ಕುಟುಂಬ ಮನೆಯಲ್ಲಿತ್ತು, ಅಷ್ಟೇ.

ಅಕ್ಟೋಬರಿನಲ್ಲೂ ಇದೇ ಕಥೆ. ಕಾಂತಾರ ಅಧ್ಯಾಯ 1 ಅಕ್ಟೋಬರ್ 2ಕ್ಕೆ, ಡಿಸ್ನಿಯ ಟ್ರಾನ್: ಏರಿಸ್ 10ಕ್ಕೆ. ಕುಂದಾಪುರದಿಂದ ಕಾಸರಗೋಡಿನವರೆಗೆ ಆ ಎರಡನೇ ವಾರ ಟ್ರಾನ್‌ಗೆ ದೊಡ್ಡ ಹಾಲು ಕೊಟ್ಟವರಿದ್ದರೆ ಅವರ ಧೈರ್ಯಕ್ಕೆ ಮೆಚ್ಚಬೇಕು.

ಇಲ್ಲಿ ಒಂದು ಎಚ್ಚರಿಕೆ. ಜನ ಬರಲಿಲ್ಲ ಅಂತ ಶೋ ಕಡಿಮೆಯಾಯಿತಾ, ಶೋ ಕಡಿಮೆಯಾದ್ದರಿಂದ ಜನ ಕಡಿಮೆಯಾದರಾ? ಮೊದಲಾದರೆ ಸಿಂಗಲ್ ಸ್ಕ್ರೀನುಗಳಲ್ಲಿ ನಡುಗಾತ್ರದ ಚಿತ್ರ ಮೂರು ವಾರ ಕೂರುತ್ತಿತ್ತು. ಈಗ ಜ್ಯೋತಿ ಟಾಕೀಸ್ ಇಲ್ಲ, ಬಸ್ ಕಂಡಕ್ಟರ್ ಕೂಗುವ ಸ್ಟಾಪಿನ ಹೆಸರು ಮಾತ್ರ ಉಂಟು. ಇರುವ ಮಲ್ಟಿಪ್ಲೆಕ್ಸುಗಳಲ್ಲಿ ಮೊದಲ ಸೋಮವಾರ ಎಡವಿದ ಚಿತ್ರ ಶುಕ್ರವಾರ ಮಧ್ಯಾಹ್ನದ ಮೂಲೆಗೆ ಹೋಗುತ್ತದೆ. ಹಾಗಾಗಿ ವಾರದ ಒಟ್ಟು ಟಿಕೆಟ್ ನೋಡಬೇಡಿ. ಒಂದೊಂದು ಶೋಗೆ ಎಷ್ಟು ಸೀಟು ತುಂಬಿತು ಅಂತ ನೋಡಿ. ಶೋ ಇಳಿದ ಮೇಲೂ ಪ್ರತಿ ಶೋ ತುಂಬುತ್ತಿದ್ದರೆ ತಪ್ಪು ನಮ್ಮದು, ಚಿತ್ರದ್ದಲ್ಲ.

ಇಷ್ಟೆಲ್ಲ ಕಳೆದ ಮೇಲೂ ಏನೋ ಉಳಿಯುತ್ತದೆ. ಫೆಂಟಾಸ್ಟಿಕ್ ಫೋರ್ ಅಮೆರಿಕದಲ್ಲೂ ಎರಡನೇ ವಾರಾಂತ್ಯಕ್ಕೆ ಶೇ 66 ಬಿತ್ತು. ಅಲ್ಲಿ ಸುಲೋಚನೆಯ ಕಾಟ ಇರಲಿಲ್ಲ.

ಹೊರಗಿನ ಪೆಟ್ಟುಗಳು

ಇದನ್ನು ಬೇಗ ಮುಗಿಸೋಣ. 2023ರಲ್ಲಿ ಹಾಲಿವುಡ್ ನಟರ ಮುಷ್ಕರ ಮುಗಿದದ್ದು ನವೆಂಬರ್ 9ಕ್ಕೆ. ದ ಮಾರ್ವೆಲ್ಸ್ ಬಿಡುಗಡೆ 10ಕ್ಕೆ. ಅಲ್ಲಿಯವರೆಗೆ ನಟರು ಪ್ರಚಾರಕ್ಕೇ ಬರಲಿಲ್ಲ. ನಮ್ಮಲ್ಲಿ ಅದು ದೀಪಾವಳಿ ವಾರ, ಸಲ್ಮಾನ್ ಚಿತ್ರ ಬೇರೆ ಬಾಗಿಲಲ್ಲಿತ್ತು. ಹಾಗಾಗಿ ಆ ಒಂದು ಚಿತ್ರದಿಂದ ದೊಡ್ಡ ಸಿದ್ಧಾಂತ ಕಟ್ಟಬಾರದು.

ಚೀನಾ ಇನ್ನೊಂದು. ಎಂಡ್‌ಗೇಮ್ ಅಲ್ಲಿ 60 ಕೋಟಿ ಡಾಲರಿಗೂ ಮೇಲೆ ಗಳಿಸಿತ್ತು. ಆಮೇಲೆ 2019ರಲ್ಲೇ ಒಂದು ಸ್ಪೈಡರ್‌ಮ್ಯಾನ್ ಬಂದದ್ದು ಬಿಟ್ಟರೆ 2023ರ ಆರಂಭದವರೆಗೆ ಮಾರ್ವೆಲ್ ಚಿತ್ರಗಳಿಗೆ ಅಲ್ಲಿ ಬಾಗಿಲೇ ಮುಚ್ಚಿತ್ತು. ತೆರೆದ ಮೇಲೆ ಕ್ವಾಂಟುಮೇನಿಯಾಗೆ ಸಿಕ್ಕಿದ್ದು ನಾಲ್ಕು ಕೋಟಿಯ ಹತ್ತಿರ. ಇದು ದೊಡ್ಡ ಕಾರಣವೇ. ಆದರೆ ಚೀನಾದವರಿಗೆ ಡಿಸ್ನಿಯೇ ಬೇಡವಾಯಿತು ಅನ್ನುವ ಹಾಗೂ ಇಲ್ಲ. 2025ರ ನವೆಂಬರಿನಲ್ಲಿ ಬಂದ ಝೂಟೋಪಿಯಾ 2 ಅದೇ ಚೀನಾದಲ್ಲಿ 50 ಕೋಟಿ ಡಾಲರ್ ದಾಟಿತು.

ಕೌಂಟರಿನಲ್ಲಿ ಕೇಳಿಬರುವ ಪ್ರಶ್ನೆ

ಯಾವ ಅಂಕಿಗಿಂತಲೂ ನಾನು ಹೆಚ್ಚು ನಂಬುವ ಪರೀಕ್ಷೆ ಇದು. ಟಿಕೆಟ್ ಕೌಂಟರಿನ ಪಕ್ಕ ಸ್ವಲ್ಪ ಹೊತ್ತು ಸುಮ್ನೆ ನಿಲ್ಲಿ. ಜನ ಏನು ಕೇಳುತ್ತಾರೆ ಅಂತ ಕೇಳಿಸಿಕೊಳ್ಳಿ.

ಥಂಡರ್‌ಬೋಲ್ಟ್ಸ್ ಸಮಯದ್ದು. ಅಪ್ಪ, ಅಮ್ಮ, ಪೋಸ್ಟರ್ ಮುಂದೆ ಕುಣಿಯುತ್ತಿದ್ದ ಹುಡುಗ. ಅಪ್ಪ ಕೌಂಟರಿನ ಹುಡುಗಿ ಹತ್ತಿರ ಕೇಳಿದರು: "ಇದು ನೋಡ್ಲಿಕ್ಕೆ ಮುಂಚಿನದ್ದೆಲ್ಲ ನೋಡಿರ್ಬೇಕಾ?"

"ಹಾಗೆಂತ ಇಲ್ಲ ಸರ್. ನೋಡಿದ್ರೆ ಒಳ್ಳೇದು."

"ಎಂತೆಲ್ಲ ನೋಡ್ಬೇಕು?"

ಅವಳು ಪಾಪ ಪ್ರಾಮಾಣಿಕವಾಗಿ ಶುರು ಮಾಡಿದಳು. "ಬ್ಲ್ಯಾಕ್ ವಿಡೋ ಒಂದು. ಮತ್ತೆ ಫಾಲ್ಕನ್‌ದು ಸೀರೀಸ್ ಉಂಟು, ಅದು ಹಾಟ್‌ಸ್ಟಾರಿನಲ್ಲಿ. ಮತ್ತೆ ಎರಡನೇ ಆಂಟ್‌ಮ್ಯಾನ್..."

ಅಪ್ಪ ಹೆಂಡತಿ ಕಡೆ ತಿರುಗಿದರು. "ಬೇಡ ಮಾರಾಯ್ತಿ, ಗಡ್‌ಬಡ್ ಐಸ್‌ಕ್ರೀಮ್ ತಿಂದು ಹೋಗುವ."

ಹುಡುಗ ಅತ್ತ. ಟಿಕೆಟ್ ಹೋಯಿತು.

2008ರಿಂದ 2019ರವರೆಗೆ ಮಾರ್ವೆಲ್ ಸರಣಿಯಲ್ಲಿ 23 ಚಿತ್ರ ಬಂದವು. ವರ್ಷಕ್ಕೆ ಹೆಚ್ಚೆಂದರೆ ಮೂರು. 2021ರ ಒಂದೇ ವರ್ಷ ನಾಲ್ಕು ಚಿತ್ರ, ಜೊತೆಗೆ ಒಟಿಟಿಯಲ್ಲಿ ಐದು ಸೀರೀಸ್. ದ ಮಾರ್ವೆಲ್ಸ್‌ನ ಮೂವರು ನಾಯಕಿಯರಲ್ಲಿ ಇಬ್ಬರ ಹಿಂದಿನ ಕಥೆ ಇದ್ದದ್ದು ಸೀರೀಸುಗಳಲ್ಲಿ. ಬ್ರೇವ್ ನ್ಯೂ ವರ್ಲ್ಡ್ ಅರ್ಥವಾಗಬೇಕಾದರೆ 2008ರ ಹಲ್ಕ್ ಚಿತ್ರ ನೆನಪಿರಬೇಕು. ಅದನ್ನು ನೋಡಿದವರು ಈಗ ಮನೆ ಸಾಲ ಕಟ್ಟುತ್ತಿದ್ದಾರೆ. ಇಷ್ಟು ಹೋಂವರ್ಕ್ ಯಾರಿಗೆ ಬೇಕು?

ಕಂಪನಿಗೂ ಇದು ಗೊತ್ತಾಗಿದೆ. ಜಾಸ್ತಿ ಮಾಡಲು ಹೋಗಿ ಗಮನ ಚದುರಿತು ಅನ್ನುವ ಅರ್ಥದಲ್ಲಿ ಆಗಿನ ಡಿಸ್ನಿ ಮುಖ್ಯಸ್ಥ ಬಾಬ್ ಐಗರ್ 2023ರಲ್ಲೇ ಒಪ್ಪಿಕೊಂಡರು. 2024ರಲ್ಲಿ ವರ್ಷಕ್ಕೆ ಎರಡು, ಹೆಚ್ಚೆಂದರೆ ಮೂರು ಮಾರ್ವೆಲ್ ಚಿತ್ರ ಸಾಕು ಅಂದರು. ಆದರೆ ಹೋಂವರ್ಕ್ ತೆಗೆದರೆ ದೋಷ ಹೋಗುತ್ತದಾ? ಫೆಂಟಾಸ್ಟಿಕ್ ಫೋರ್ ಬೇರೆಯೇ ಭೂಮಿಯಲ್ಲಿ ನಡೆಯುವ ಕಥೆ, ಹಿಂದಿನದ್ದು ಏನೂ ಬೇಡ. ಸಿನೆಮಾಸ್ಕೋರ್ ಎ ಮೈನಸ್. ಆದರೂ 52 ಕೋಟಿಗೆ ನಿಂತಿತು. ಹುಡುಗನ ಅಪ್ಪನಿಗೆ ಇದಕ್ಕೆ ಹೋಂವರ್ಕ್ ಬೇಡ ಅಂತ ಯಾರೂ ಹೇಳಿರಲಿಲ್ಲ. ಅವರು ಕೌಂಟರಿಗೆ ಬಂದು ಕೇಳುವುದನ್ನೇ ಬಿಟ್ಟಿದ್ದರು.

ಒಟಿಟಿ: ಎರಡು ಕಡೆಯೂ ಕೊಯ್ಯುತ್ತದೆ

"ಎರಡು ತಿಂಗಳಲ್ಲಿ ಮೊಬೈಲಿಗೆ ಬರ್ತದೆ" ಅನ್ನುವ ಮಾತು ನಮ್ಮಲ್ಲಿ ಈಗ ದಿನನಿತ್ಯದ್ದು. ಆ ಅಭ್ಯಾಸ ಮಾಡಿಸಿದ್ದು ಕಂಪನಿಯೇ. ಕೋವಿಡ್ ಹೊತ್ತಿನಲ್ಲಿ ಪಿಕ್ಸಾರಿನ ಸೋಲ್, ಲೂಕಾ, ಟರ್ನಿಂಗ್ ರೆಡ್ ಮೂರನ್ನೂ ನೇರ ಒಟಿಟಿಗೆ ಬಿಟ್ಟರು. ಟರ್ನಿಂಗ್ ರೆಡ್ ಬಂದದ್ದು 2022ರ ಮಾರ್ಚಿನಲ್ಲಿ, ಥಿಯೇಟರುಗಳು ತೆರೆದ ಮೇಲೆ. ಪಿಕ್ಸಾರ್ ಅಂದರೆ ಮನೆಯಲ್ಲಿ ನೋಡುವುದು ಅಂತ ಜನ ಕಲಿತರು. ಎಲಿಯೋ ಆ ಪಾಠದ ಫಲ: ಅಮೆರಿಕದಲ್ಲಿ ಎರಡು ಕೋಟಿ ಡಾಲರ್ ಚಿಲ್ಲರೆ ಓಪನಿಂಗ್, ಪಿಕ್ಸಾರ್ ಇತಿಹಾಸದಲ್ಲೇ ತೀರಾ ಕಡಿಮೆ.

ಇಲ್ಲಿಗೆ ನಿಲ್ಲಿಸಿದರೆ ಅರ್ಧ ತಪಾಸಣೆ. ಅಮೆರಿಕದಲ್ಲಿ 2023ರಲ್ಲಿ ಒಟಿಟಿಯಲ್ಲಿ ಅತಿ ಹೆಚ್ಚು ಹೊತ್ತು ನೋಡಿದ ಚಿತ್ರ ಯಾವುದು ಅಂದರೆ 2016ರ ಮೊವಾನಾ. ಇಲ್ಲೂ ಊಟ ಮಾಡಿಸುವಾಗ ಮಗುವಿನ ಎದುರು ಅದನ್ನೇ ಹಾಕಿ ತಟ್ಟೆ ಖಾಲಿ ಮಾಡಿಸಿದ ಅಮ್ಮಂದಿರು ಎಷ್ಟು ಬೇಕು? ಆ ಮಕ್ಕಳಿಗೆ ಹಾಡುಗಳೆಲ್ಲ ಬಾಯಿಪಾಠ. ಒಟಿಟಿ ಸೀರೀಸ್ ಅಂತ ಶುರುಮಾಡಿದ್ದ ಎರಡನೇ ಭಾಗವನ್ನು ಕಂಪನಿ ಚಿತ್ರವಾಗಿ ಬದಲಿಸಿ 2024ರ ನವೆಂಬರಿನಲ್ಲಿ ಥಿಯೇಟರಿಗೆ ಬಿಟ್ಟಾಗ 105 ಕೋಟಿ ಡಾಲರ್ ಬಂತು. ಒಂಬತ್ತು ವರ್ಷದ ನಂತರದ ಇನ್‌ಸೈಡ್ ಔಟ್ 2, ಅಷ್ಟೇ ವರ್ಷದ ನಂತರದ ಝೂಟೋಪಿಯಾ 2 ಎರಡೂ ಹೀಗೇ ಗೆದ್ದವು. ಒಟಿಟಿ ಹೊಸ ಕಥೆಯ ಕತ್ತು ಹಿಸುಕುತ್ತದೆ, ಹಳೇ ಕಥೆಗೆ ಹೊಸ ಮಕ್ಕಳನ್ನು ತಯಾರು ಮಾಡಿ ಕೊಡುತ್ತದೆ.

ಅಂತರ ಬಿಟ್ಟರೆ ಸಾಕು ಅಂತಲೂ ಅಲ್ಲ. ಟ್ರಾನ್‌ನ ಹಿಂದಿನ ಭಾಗ ಬಂದು ಹದಿನೈದು ವರ್ಷವಾಗಿತ್ತು. ಇಂಡಿಯಾನಾ ಜೋನ್ಸ್‌ಗೂ ಅಷ್ಟೇ. ಎರಡೂ ಬಿದ್ದವು. ಆ ಹದಿನೈದು ವರ್ಷ ಮನೆಗಳಲ್ಲಿ ಅವನ್ನು ಯಾವ ಮಗುವೂ ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿರಲಿಲ್ಲ.

ಸರಣಿಗಳನ್ನು ಬಿಡಿಸಿ ನೋಡಿ

ಡಿಸ್ನಿ ಅನ್ನುವುದು ಒಂದೇ ಸರಕಲ್ಲ. 2006ರಲ್ಲಿ ಪಿಕ್ಸಾರ್, 2009ರಲ್ಲಿ ಮಾರ್ವೆಲ್, 2012ರಲ್ಲಿ ಸ್ಟಾರ್ ವಾರ್ಸ್‌ನ ಲ್ಯೂಕಾಸ್‌ಫಿಲ್ಮ್, 2019ರಲ್ಲಿ ಫಾಕ್ಸ್ ಅಂತ ಕೊಂಡು ಕೂಡಿಸಿದ್ದು. ಅವತಾರ್ ಕೂಡ ಫಾಕ್ಸ್ ಜೊತೆಗೇ ಬಂತು. ಒಂದರ ಕಾಯಿಲೆ ಇನ್ನೊಂದಕ್ಕೆ ಇರಲೇಬೇಕು ಅಂತಿಲ್ಲ.

ಹಳೇ ಕಾರ್ಟೂನನ್ನು ನಟರಿಟ್ಟು ಮತ್ತೆ ಮಾಡುವ ಸಾಲನ್ನೇ ನೋಡಿ. 2025ರ ಮಾರ್ಚಿನಲ್ಲಿ ಸ್ನೋ ವೈಟ್ ಬಂದು ಸುಮಾರು 20 ಕೋಟಿ ಡಾಲರಿಗೆ ಮಲಗಿತು. ಎರಡೇ ತಿಂಗಳಲ್ಲಿ ಲಿಲೋ ಆಂಡ್ ಸ್ಟಿಚ್ ಬಂದು 100 ಕೋಟಿ ದಾಟಿತು. ಅದೇ ಕಂಪನಿ, ಅದೇ ಸೂತ್ರ. ಸ್ನೋ ವೈಟ್ ಸುತ್ತ ಗಲಾಟೆ ಇತ್ತು ನಿಜ. ಆದರೆ ಮೂಲ ಚಿತ್ರ 1937ರದ್ದು, ಅದು ಈಗ ಯಾರ ಬಾಲ್ಯವೂ ಅಲ್ಲ. ಸ್ಟಿಚ್ 2002ರದ್ದು. ಆಗಿನ ಮಕ್ಕಳು ಈಗಿನ ಅಪ್ಪ ಅಮ್ಮಂದಿರು. ಆ ನೀಲಿ ಪ್ರಾಣಿ ಹಂಪನಕಟ್ಟೆಯ ಅಂಗಡಿಗಳಲ್ಲಿ ಸ್ಕೂಲ್ ಬ್ಯಾಗು, ಕೀಚೈನು, ನೀರಿನ ಬಾಟಲಿ ಎಲ್ಲದರ ಮೇಲೂ ಉಂಟು. ಚಿತ್ರ ಗೊತ್ತಿಲ್ಲದ ಮಕ್ಕಳಿಗೂ ಮುಖ ಗೊತ್ತು.

ಸ್ಟಾರ್ ವಾರ್ಸ್ 2015ರಲ್ಲಿ 207 ಕೋಟಿ, 2017ರಲ್ಲಿ 133, 2019ರಲ್ಲಿ 107, ನಡುವೆ 2018ರ ಸೋಲೋ ಬರೀ 39. ಆಮೇಲೆ 2025 ಮುಗಿಯುವವರೆಗೂ ಥಿಯೇಟರಿಗೆ ಒಂದೂ ಬರಲಿಲ್ಲ. ನಮ್ಮ ಊರಿನಲ್ಲಂತೂ ಇದಕ್ಕೆ ದೊಡ್ಡ ಪ್ರೇಕ್ಷಕವರ್ಗ ಯಾವತ್ತೂ ಇರಲಿಲ್ಲ. ಇಲ್ಲದ್ದು ಹೋಯಿತು ಅಂತ ದುಃಖಪಡುವುದು ಬೇಡ.

ಭಾಷೆಯ ವಿಷಯ ಒಂದೇ ಮಾತಿನಲ್ಲಿ ಹೇಳುತ್ತೇನೆ. 2022ರ ಅವತಾರ್ ಕನ್ನಡದಲ್ಲೂ ಬಂತು. ಲಯನ್ ಕಿಂಗ್ ಸಾಲಿನ ಮುಫಾಸಾಗೆ ಹಿಂದಿಯಲ್ಲಿ ಶಾರುಖ್, ತೆಲುಗಿನಲ್ಲಿ ಮಹೇಶ್ ಬಾಬು ದನಿ ಕೊಟ್ಟರು. ಕನ್ನಡಕ್ಕೆ ಅಂಥ ದೊಡ್ಡ ದನಿ ಯಾರೂ ಹುಡುಕುತ್ತಿಲ್ಲ. ಅಜ್ಜಿ ಮೊಮ್ಮಗು ಇಬ್ಬರೂ ಕೂತು ನೋಡಬೇಕಾದರೆ ಅದು ಬೇಕು.

ಪತ್ತೆಯಾದ ದೋಷ

ಮೇಲಿನ ತುದಿ ಹಾಗೇ ಇದೆ. 100 ಕೋಟಿ ಡಾಲರಿನ ಚಿತ್ರಗಳು 2024ರಲ್ಲಿ ಮೂರು ಬಂದವು, 2025ರಲ್ಲೂ ಬಂದವು. ಕುಸಿದಿರುವುದು ನಡು. "ಹೆಸರು ಗೊತ್ತಿಲ್ಲ, ಆದ್ರೂ ಮಾರ್ವೆಲ್ ಅಲ್ವಾ", "ಪಿಕ್ಸಾರ್ ಅಲ್ವಾ, ಮಕ್ಕಳನ್ನು ಕರ್ಕೊಂಡು ಹೋಗುವ" ಅಂತ ಕಣ್ಣು ಮುಚ್ಚಿ ಟಿಕೆಟ್ ತೆಗೆಯುತ್ತಿದ್ದ ಜನ ಹೋಗಿದ್ದಾರೆ. ಅವರಿಗೆ ಪಾತ್ರಗಳ ಮೇಲೆ ಪ್ರೀತಿ ಉಂಟು, ಕಂಪನಿಯ ಮೊಹರಿನ ಮೇಲೆ ಮೊದಲಿನ ಸಲುಗೆ ಇಲ್ಲ. ಸಾಲ ಕೊಡುವುದನ್ನು ನಿಲ್ಲಿಸಿದ್ದಾರೆ, ರೊಕ್ಕ ಎಣಿಸಿ ಕೊಡುತ್ತಾರೆ. ನಾಲ್ಕು ಜನರ ಮನೆಗೆ ಟಿಕೆಟ್, ತ್ರೀಡಿ ಕನ್ನಡಕ, ಪಾಪ್‌ಕಾರ್ನ್ ಸೇರಿಸಿದರೆ ಸಾವಿರದ ಮೇಲೆ ಹೋಗುತ್ತದೆ. 2025ರ ಸೆಪ್ಟೆಂಬರಿನಲ್ಲಿ ಸರ್ಕಾರ ಟಿಕೆಟಿಗೆ 200 ರೂಪಾಯಿ ಮಿತಿ ಹಾಕಿದರೂ ಹೈಕೋರ್ಟ್ ತಡೆ ಕೊಟ್ಟಿತು. ಆ ದುಡ್ಡಿಗೆ ಮೊಹರು ನೋಡಿ ಅಲ್ಲ, ಚಿತ್ರ ನೋಡಿದವರ ಮಾತು ಕೇಳಿ ಹೊರಡುತ್ತಾರೆ. ನಾನೂ ಹಾಗೇ ಮಾಡುತ್ತಿದ್ದೆ.

ಶೋ ಹಾಕುವವರಿಗೆ

ಮಕ್ಕಳು ಮನೆಯಲ್ಲಿ ಸವೆಸಿದ ಹಳೇ ಅನಿಮೇಷನ್ನಿನ ಮುಂದಿನ ಭಾಗ ಬಂದರೆ ದೊಡ್ಡ ಹಾಲು ಕೊಡಿ, ಬೆಳಗ್ಗೆ ಮತ್ತು ಸಂಜೆ ಆರರೊಳಗಿನ ಶೋ ಜಾಸ್ತಿ ಇಡಿ. ರಾತ್ರಿ ಶೋ ವ್ಯರ್ಥ.

ಹೊಸ ಕಥೆಯ ಪಿಕ್ಸಾರ್ ಆದರೆ ಕಡಿಮೆ ಶೋದಿಂದ ಶುರು ಮಾಡಿ, ಆದರೆ ಎರಡನೇ ವಾರಕ್ಕೆ ಕಿತ್ತು ಹಾಕಬೇಡಿ. ಎಲಿಮೆಂಟಲ್ ನೆನಪಿರಲಿ. ಶನಿವಾರಕ್ಕಿಂತ ಭಾನುವಾರ ಸೀಟು ಹೆಚ್ಚು ತುಂಬಿದರೆ ಒಂದು ಒಳ್ಳೇ ಶೋ ಉಳಿಸಿ.

ನಡುಗಾತ್ರದ ಮಾರ್ವೆಲ್ ಆದರೆ ಮೊದಲ ಮೂರು ದಿನ ಉದಾರವಾಗಿರಿ, ಸೋಮವಾರದಿಂದ ಕೈ ಬಿಗಿ ಮಾಡಿ. ಕೌಂಟರಿನವರಿಗೆ ಒಂದು ಮಾತು ಹೇಳಿಕೊಡಿ: "ಮುಂಚಿನದ್ದು ನೋಡ್ಬೇಕಾ" ಅಂತ ಕೇಳಿದರೆ ಪಟ್ಟಿ ಓದಬಾರದು. ಬೇಡ ಅನ್ನುವ ಹಾಗಿದ್ದರೆ ಬೇಡ ಅಂತಲೇ ಹೇಳಬೇಕು.

ಇನ್ನು ಅವೆಂಜರ್ಸ್: ಡೂಮ್ಸ್‌ಡೇ. ಕಂಪನಿ ಹೇಳಿರುವ ತಾರೀಕು 2026ರ ಡಿಸೆಂಬರ್ 18. ರಾಬರ್ಟ್ ಡೌನಿ ಜೂನಿಯರ್ ಈ ಸಲ ಖಳನಾಗಿ ವಾಪಸ್ ಬರುತ್ತಿದ್ದಾರೆ. ಅಡ್ವಾನ್ಸ್ ಬುಕಿಂಗ್ ತೆರೆದ ದಿನ ಆ್ಯಪ್ ಜಾಮ್ ಆದರೆ ನನಗೆ ಆಶ್ಚರ್ಯವಿಲ್ಲ. ಆದರೆ ಅದರ ಓಪನಿಂಗ್ ನೋಡಿ ದೋಷ ಹೋಯಿತು ಅಂತ ಬರೆಯಬೇಡಿ. ಆ ಚಿತ್ರ ಪರೀಕ್ಷಿಸುವುದು ಮೇಲಿನ ತುದಿಯನ್ನು, ಅದು ಯಾವತ್ತೂ ಕೆಟ್ಟಿರಲಿಲ್ಲ. ಅದರ ನಂತರ ಯಾರಿಗೂ ಹೆಸರು ಗೊತ್ತಿಲ್ಲದ ಹೀರೋನ ಒಂದು ಮಾರ್ವೆಲ್ ಚಿತ್ರ ಬರುತ್ತದಲ್ಲ, ಅದರ ಗುರುವಾರ ರಾತ್ರಿಯ ಬುಕಿಂಗ್ ತೆಗೆದಿಟ್ಟುಕೊಳ್ಳಿ. ಪರೀಕ್ಷೆ ಇಲ್ಲದ, ಮಳೆ ಇಲ್ಲದ, ಪಕ್ಕದಲ್ಲಿ ನಮ್ಮ ಊರಿನ ಚಿತ್ರ ಇಲ್ಲದ ವಾರವಾಗಿರಬೇಕು. ಆ ವಾರ ಅರ್ಧಕ್ಕಿಂತ ಹೆಚ್ಚು ಸೀಟು ತುಂಬಿದರೆ ಆಗ ಮಾತಾಡುವ.